ಲಾಭ, ಎರಡು, ಮೂರು

ಚಿನ್ನವ್ವಾ, ಪುಟ್ಯಾ,

ಹೋದ ವಾರ ಚಿನ್ನವ್ವ ಫೋನ್ ಮಾಡಿದಾಗ ಅವಳ ದನಿ ಸಣ್ಣದಾಗಿತ್ತು. ಆಸ್ಪತ್ರೆಯ ನೌಕರಿ ಬಿಟ್ಟು ಈಗ ಮೂರು ಕಡೆ ಗುತ್ತಿಗೆಯ ಮೇಲೆ ಕೆಲಸ ಹಿಡಿದಿದ್ದಾಳಲ್ಲ, ಅದಕ್ಕೆ ಯಾರೋ ಅವಳಿಗೆ, ಈ ವರ್ಷ ಒಟ್ಟು ಎಷ್ಟು ಗಳಿಸುತ್ತೀ ಎಂದು ಅಂದಾಜು ಮಾಡಿ ಈಗಿನಿಂದಲೇ ತೆರಿಗೆ ಕಟ್ಟುತ್ತ ಹೋಗಬೇಕು ಎಂದು ಹೇಳಿದ್ದಾರಂತೆ. “ಆಯಿ, ಇನ್ನೂ ಬರದ ದುಡ್ಡಿಗೆ ಲೆಕ್ಕ ಹೆಂಗ ಕೊಡ್ಲಿ?” ಎಂದು ಕೇಳಿದಳು. ನಾನು “ಹೂಂ” ಅಂದೆ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ನಿಮಗೆ ಗೊತ್ತೇ ಇದೆ. ಇದೇ ಪ್ರಶ್ನೆಯನ್ನು ತೊಂಬತ್ತೊಂದನೆಯ ಇಸವಿಯೋ ತೊಂಬತ್ತೆರಡೋ, ಆಗ ನನಗೂ ಕೇಳಿದ್ದರು. ಅದನ್ನು ಬರೆದು ಕೊಡುತ್ತೇನೆ. ಬರೆಯುವಾಗ ನನಗೆ ನಾಚಿಕೆ ಆಗುವುದಿಲ್ಲ.

ನನ್ನ ತವರು ಐರಣಿಯ ಹತ್ತಿರ, ಹೊಳೆದಂಡೆಯ ಹಳ್ಳಿ. ಏಳನೆಯ ಇಯತ್ತೆಯವರೆಗೆ ಅಲ್ಲೇ ಕಲಿತೆ. ಮದುವೆಯಾಗಿ ಬ್ಯಾಡಗಿಗೆ ಬಂದೆ. ನಿಮ್ಮ ಅಜ್ಜ ಒಬ್ಬ ಮೆಣಸಿನಕಾಯಿ ಸಾಹುಕಾರರ ಅಂಗಡಿಯಲ್ಲಿ ತೂಕದ ಕೆಲಸ ಮಾಡುತ್ತಿದ್ದರು. ನಿಮ್ಮ ಅವ್ವ ಒಂಬತ್ತು ವರ್ಷದವಳಿದ್ದಾಗ ಅವರು ಹೋದರು. ಸ್ವಲ್ಪ ದಿನ ಬಿಟ್ಟು ಸಾಹುಕಾರರು ಮನೆಗೆ ಬಂದು ಹೊರಗೇ ನಿಂತು, “ಅಕ್ಷರ ಬರ್ತಾವ?” ಎಂದು ಕೇಳಿದರು. ನಾನು ಬಾಗಿಲ ಹಿಂದಿನಿಂದ “ಹೂಂ ರಿ” ಅಂದೆ. ಅಷ್ಟಕ್ಕೇ ನೌಕರಿ ಸಿಕ್ಕಿತು.

ಅಂಗಡಿಯ ಹಿಂದೆ ಒಂದು ತಗಡಿನ ಚಪ್ಪರ. ಅದರ ಕೆಳಗೆ ಮೂವತ್ತು ಮಂದಿ ಹೆಣ್ಣುಮಕ್ಕಳು ಮೂಗಿಗೆ ಸೆರಗು ಕಟ್ಟಿಕೊಂಡು, ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಬುಟ್ಟಿ ತುಂಬಿದಂತೆ ನನ್ನ ಮುಂದೆ ತಂದಿಡುತ್ತಿದ್ದರು. ನಾನು ತೂಗಿಸಿ ಅವರವರ ಹೆಸರಿನ ಸಾಲಿನಲ್ಲಿ ಬರೆದುಕೊಳ್ಳುತ್ತಿದ್ದೆ. ಒಬ್ಬೊಬ್ಬರದು ದಿನಕ್ಕೆ ಮೂರು ಬುಟ್ಟಿ, ಒಂದೊಂದು ಬುಟ್ಟಿ ಹೆಚ್ಚು ಕಡಿಮೆ ಆರು ಕಿಲೋ.

ಹೇಗೆ ಬರೆಯುತ್ತಿದ್ದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ನಮ್ಮ ಅಪ್ಪ ಕಣದಲ್ಲಿ ಜೋಳ ಅಳೆಯುವಾಗ ಮೊದಲನೆಯ ಕೊಳಗಕ್ಕೆ ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದ. ಲಾಭ, ಎರಡು, ಮೂರು, ನಾಲ್ಕು. ರಾಶಿಯ ಮುಂದೆ ನಿಂತು ಒಂದು ಅಂದರೆ ರಾಶಿ ಒಂದಕ್ಕೇ ನಿಂತುಬಿಡುತ್ತದೆ ಎಂದು ಅಂಜಿಕೆ. ನಮ್ಮೂರಲ್ಲಿ ಎಲ್ಲರೂ ಹಾಗೆಯೇ ಎಣಿಸುತ್ತಿದ್ದರು. ನನ್ನ ಪುಸ್ತಕದಲ್ಲೂ ಹಾಗೆಯೇ ಇತ್ತು: ಲಾಭ ಆರು, ಎರಡು ಆರು, ಮೂರು ಐದೂವರೆ. ಮೊದಲನೆಯ ಬುಟ್ಟಿ ಆರು ಕಿಲೋ ತೂಗಿತು, ಎರಡನೆಯದೂ ಆರು, ಮೂರನೆಯದು ಐದೂವರೆ ಎಂದು ಅರ್ಥ. ಚಪ್ಪರದಲ್ಲಿ ಯಾರಿಗೂ ಇದನ್ನು ಬಿಡಿಸಿ ಹೇಳುವ ಪ್ರಸಂಗವೇ ಬಂದಿರಲಿಲ್ಲ.

ಹೀಗೆ ಎಂಟು ವರ್ಷ ತಿಂಗಳ ಪಗಾರದ ಮೇಲೆ ನಡೆಯಿತು. ನಿಮ್ಮ ಅವ್ವ ಚೆನ್ನಾಗಿ ಓದಿದಳು. ರಾಣೆಬೆನ್ನೂರಿನಲ್ಲಿ ಶಿಕ್ಷಕಿಯರ ತರಬೇತಿಗೆ ಸೇರಿಸಿ ಹಾಸ್ಟೆಲಿನಲ್ಲಿಟ್ಟೆ. ಅದೇ ವರ್ಷ ದೀಪಾವಳಿಯ ಮುಂದೆ ಸಾಹುಕಾರರು ನನ್ನನ್ನು ಕರೆದರು.

“ತಂಗೀ, ಪಾಡ್ಯದಿಂದ ನಿನ್ನ ಪಗಾರ ಬಂದ್.”

ನಾನು ನೆಲ ನೋಡುತ್ತ ನಿಂತೆ.

“ಅಂಜಬ್ಯಾಡ. ಇನ್ನ ನೀ ನೌಕರಿಯಾಕಿ ಅಲ್ಲ, ಗುತ್ತೇದಾರ. ತೊಟ್ಟು ಬಿಡಸಿದ ಮಾಲಿಗೆ ಕಿಲೋಕ್ಕ ಒಂದು ರೂಪಾಯಿ ಹತ್ತು ಪೈಸಾ ಕೊಡ್ತೇನಿ. ರೂಪಾಯಿ ಹೆಣಮಕ್ಕಳಿಗೆ ಹಂಚು, ಹತ್ತು ಪೈಸಾ ನಿಂದು. ದಿನಾ ಐನೂರು ಕಿಲೋದ ಮ್ಯಾಲ ಆಗ್ತೇತಿ, ನೀನ ಲೆಕ್ಕಾ ಹಾಕು. ಚಲೋ ಆತೋ ಇಲ್ಲೋ?”

“ಹೂಂ ರಿ.”

ಪಾಡ್ಯದ ಮರುದಿನ ನಾನು ಗುತ್ತೇದಾರಳಾಗಿ ಕೆಲಸಕ್ಕೆ ಹೋದೆ. ಅದೇ ಚಪ್ಪರ, ಅದೇ ಮಣೆ, ಅದೇ ಪುಸ್ತಕ. ಬದಲಾದದ್ದು ಎರಡೇ. ಮೊದಲು ಪೆನ್ಸಿಲು ಅಂಗಡಿಯದಿತ್ತು, ಈಗ ನನ್ನದು. ಮೊದಲು ನಾಲ್ಕು ಗಂಟೆಗೆ ನನಗೊಂದು ಚಹಾ ಬರುತ್ತಿತ್ತು. ಆವತ್ತು ಚಹಾದವನು ನನ್ನ ಮುಂದೆ ಬಂದು, ಕಪ್ಪನ್ನು ಇಡಲೋ ಬೇಡವೋ ಎಂದು ತಡೆದು ನಿಂತು, “ಗುತ್ತೇದಾರರಿಗೆ ಚಹಾ ಇಲ್ಲಂತ್ರಿ” ಎಂದು ಹೇಳಿ ಮುಂದೆ ಹೋದ. ಬುಟ್ಟಿ, ಚೀಲ ಹೊಲಿಯುವ ಹುರಿ, ಕುಡಿಯುವ ನೀರು ತರುವವಳ ಕೂಲಿ, ಇವೆಲ್ಲವೂ ನನ್ನ ಪಾಲಿಗೇ ಬಂದವು. ಅದನ್ನೆಲ್ಲ ಕಳೆದರೆ ಉಳಿಯುವುದು ಹಳೆಯ ಪಗಾರಕ್ಕಿಂತ ತುಸು ಮೇಲೆ. ಅಷ್ಟಾದರೂ ಆಯಿತಲ್ಲ ಅಂದುಕೊಂಡಿದ್ದೆ.

ತಿಂಗಳ ಬಿಲ್ಲು ಕೈಗೆ ಬಂದಾಗ ಸುಮಾರು ಮುನ್ನೂರು ರೂಪಾಯಿ ಕಡಿಮೆ ಇತ್ತು. ಬಾಯಿ ಬಿಟ್ಟು ಕೇಳಲಾರದೆ ಒಂದು ಚೀಟಿಯಲ್ಲಿ ‘ಯಾಕೆ ಕಡಿಮೆ?’ ಎಂದು ಬರೆದು ಸಾಹುಕಾರರ ಗಾದಿಯ ತುದಿಗಿಟ್ಟೆ. ಅವರು ಅದನ್ನು ಓದಿ ನನ್ನನ್ನು ನೋಡಿದರು.

“ಎದುರಿಗೆ ನಿಂತೀದಿ, ಚೀಟಿ ಯಾಕ? ಅದು ಇನ್ಕಂ ಟ್ಯಾಕ್ಸ್. ಗುತ್ತೇದಾರರ ಬಿಲ್ಲಿನಾಗ ನೂರಕ್ಕ ಎರಡು ಮುರಕೊಂಡು ಸರಕಾರಕ್ಕ ಕಟ್ಟಬೇಕಂತ ಕಾಯ್ದೆ ಐತಿ. ನಿಂದು ಕಡಿಮಿ ಗಳಿಕಿ ಅಂದ್ರ ಮುಂದಿನ ವರ್ಷ ಸರಕಾರ ತಿರುಗಿ ಕೊಡ್ತೇತಿ.”

ಗುತ್ತಿಗೆಯ ಈ ಸಿಕ್ಕು ಆಗ ತಿಳಿಯಿತು. ತೆರಿಗೆ ಮುರಿಯುವುದು ನನ್ನ ಹತ್ತು ಪೈಸೆಯ ಮೇಲಲ್ಲ, ನನ್ನ ಕೈ ಹಾಯ್ದು ಹೋಗುವ ಇಡೀ ಒಂದು ರೂಪಾಯಿ ಹತ್ತು ಪೈಸೆಯ ಮೇಲೆ. ಹೆಣ್ಣುಮಕ್ಕಳ ರೂಪಾಯಿಯನ್ನು ನಾನು ಮುರಿಯುವಂತಿಲ್ಲ. ಹೀಗಾಗಿ ನನ್ನ ಹತ್ತು ಪೈಸೆಯಲ್ಲಿ ಎರಡಕ್ಕಿಂತ ಹೆಚ್ಚು ಹೋಗುತ್ತಿತ್ತು. ತಿಂಗಳಿಗೆ ಅದು ಮುನ್ನೂರು. ಹಾಸ್ಟೆಲಿನಲ್ಲಿ ನಿಮ್ಮ ಅವ್ವನ ಊಟದ ಖರ್ಚೂ ಮುನ್ನೂರೇ. ಸರಕಾರ ಮುಂದಿನ ವರ್ಷ ಕೊಡುತ್ತದೆ, ಖರೆ. ಆದರೆ ನಿಮ್ಮ ಅವ್ವ ಈ ವರ್ಷ ಉಣ್ಣಬೇಕಲ್ಲ.

ಎರಡು ತಿಂಗಳ ಊಟದ ಹಣ ಬಾಕಿ ಉಳಿಯಿತು. ಮೂರನೆಯ ತಿಂಗಳ ಕೊನೆಯ ದಿನದೊಳಗೆ ಎಲ್ಲವನ್ನೂ ಕಟ್ಟದಿದ್ದರೆ ಕೋಣೆ ಬಿಡಬೇಕು ಎಂದು ಹಾಸ್ಟೆಲಿನವರು ಹೇಳಿದರು. ನಿಮ್ಮ ಅವ್ವ ನನಗೊಂದು ಕಾರ್ಡು ಬರೆದಳು: ‘ಅವ್ವಾ, ಚಿಂತಿ ಮಾಡಬ್ಯಾಡ, ನಾನೂ ಬಂದು ತೊಟ್ಟು ಬಿಡಿಸುತ್ತೇನೆ, ಮೂವತ್ತೊಂದು ಮಂದಿ ಆಗುತ್ತೇವೆ.’ ಅವಳು ಅದನ್ನು ನಗಿಸಲೆಂದು ಬರೆದಿದ್ದಳು. ನನಗೆ ನಗು ಬರಲಿಲ್ಲ.

ಸಾಹುಕಾರರಿಗೆ ಹೇಗೋ ಈ ಸಂಗತಿ ತಿಳಿಯಿತು. ಈ ವರ್ಷ ಬರಬಹುದಾದ ಗಳಿಕೆ ಇಂತಿಷ್ಟು ಎಂದು ಅಂದಾಜು ಬರೆದುಕೊಟ್ಟು, ಅದು ತೆರಿಗೆಯ ಮಿತಿಯೊಳಗೆ ಬಂದರೆ, ಮುರಿಯಬೇಡಿರಿ ಎಂದು ಅಧಿಕಾರಿಗಳು ಒಂದು ಸರ್ಟಿಫಿಕೇಟು ಕೊಡುತ್ತಾರೆ ಎಂದು ಅವರೇ ಹೇಳಿದರು. ರಾಣೆಬೆನ್ನೂರಿನಲ್ಲಿ ಇಂಥ ಅರ್ಜಿ ಬರೆಯುವ ಒಬ್ಬ ತೆರಿಗೆ ಸಲಹೆಗಾರರ ವಿಳಾಸ ಕೊಟ್ಟರು. ನಾನು ಪುಸ್ತಕ ಕಟ್ಟಿಕೊಂಡು ಬಸ್ಸು ಹತ್ತಿದೆ.

ಸಲಹೆಗಾರರದು ಒಂದು ಕಿರಾಣಿ ಅಂಗಡಿಯ ಮಾಳಿಗೆ ಕೋಣೆ. ವಯಸ್ಸು ಸಣ್ಣದು. ಪೇಟೆಯಲ್ಲೇ ಹುಟ್ಟಿ ಪೇಟೆಯಲ್ಲೇ ಓದಿದವರು, ಒಳ್ಳೆಯವರು. ನನ್ನ ಪುಸ್ತಕ ತೆರೆದರು. ಎಂಟು ವರ್ಷ ಮೆಣಸಿನಕಾಯಿಯ ಚಪ್ಪರದಲ್ಲಿದ್ದ ನನಗೆ ಆ ಘಾಟಿನ ಅರಿವೇ ಇರಲಿಲ್ಲ. ಎರಡನೆಯ ಹಾಳೆ ತಿರುವುವುದರೊಳಗೆ ಅವರಿಗೆ ಏಳು ಸೀನು ಬಂದವು. ಬಾಗಿಲಲ್ಲಿ ಕಾಯುತ್ತಿದ್ದ ಇಬ್ಬರು ಗಿರಾಕಿಗಳು ಕೆಳಗಿಳಿದು ಹೋದರು. ಸಲಹೆಗಾರರ ಕಣ್ಣಿಂದ ದಳದಳ ನೀರು. ಕೆಳಗಿನ ಕಿರಾಣಿಯವನು ಮೇಲೆ ಬಂದು ನೋಡಿ, “ಯಾಕ್ರಿ ಸಾಹೇಬ್ರ, ಈ ತಾಯಿ ಕಥಿ ಅಷ್ಟು ಕೆಟ್ಟದ ಐತೇನು?” ಎಂದು ಕೇಳಿ, ನನ್ನ ಕೈಗೆ ಒಂದು ಬಾಳೆಹಣ್ಣು ಕೊಟ್ಟು ಹೋದ.

ಪುಸ್ತಕ ಇಟ್ಟುಹೋಗಿರಿ, ವಾರ ಬಿಟ್ಟು ಬನ್ನಿರಿ ಅಂದರು ಸಲಹೆಗಾರರು. ವಾರದ ನಂತರ ಹೋದಾಗ ಅವರ ಮುಖದಲ್ಲಿ ಒಂದು ಗೌರವ ಕಾಣಿಸಿತು. ನನಗೆ ಕುರ್ಚಿ ಸರಿಸಿಕೊಟ್ಟರು.

“ಬಾಯಾರ, ಕುಂದ್ರಿ. ಇಷ್ಟು ಪ್ರಾಮಾಣಿಕ ಪುಸ್ತಕ ನಾ ನೋಡೇ ಇಲ್ಲ. ಎಲ್ಲಾರೂ ಲಾಭ ಮುಚ್ಚಿಡಾಕ ನನ್ನ ಕಡೆ ಬರ್ತಾರ. ನೀವು ದಿನಕ್ಕ ಮೂವತ್ತು ಸಲ ಲಾಭ, ಲಾಭ ಅಂತ ಚೊಕ್ಕ ಬರದೀರಿ.”

“ಹೂಂ ರಿ.”

“ಕಿಲೋಕ್ಕ ರೂಪಾಯಿ. ಲಾಭ ಆರು ಅಂದ್ರ ಆರು ರೂಪಾಯಿ. ಹೌದಲ್ಲೋ?”

ಆರು ಕಿಲೋಗೆ ಆರು ರೂಪಾಯಿ ಹೌದಲ್ಲ ಎಂದುಕೊಂಡು ನಾನು ಮತ್ತೆ “ಹೂಂ ರಿ” ಅಂದೆ.

“ಮೂವತ್ತು ಮಂದಿ, ಆರಾರು. ದಿನಕ್ಕ ನೂರಾ ಎಂಬತ್ತು ಲಾಭ. ವರ್ಷಕ್ಕ ಮುನ್ನೂರು ದಿನ ಹಿಡಿದ್ರ ಐವತ್ನಾಲ್ಕು ಸಾವಿರ. ಉಳಿದ ಬುಟ್ಟಿದೆಲ್ಲಾ ಕೂಲಿ. ಮತ್ತ ನಿಮ್ಮ ಧಂಧೇದಾಗ ಒಂದು ವಿಶೇಷ ಐತ್ರಿ. ಮಾಲು ಕಡಿಮಿ ಬಂದ ದಿನ ಒಬ್ಬೊಬ್ರು ಒಂದ ಬುಟ್ಟಿ ಮಾಡ್ತಾರ. ಆವತ್ತು ಬಂದಿದ್ದೆಲ್ಲಾ ಲಾಭ, ಖರ್ಚ ಇಲ್ಲ. ಹೆಚ್ಚು ಕೆಲಸ ಮಾಡಿದಂಗ ಲಾಭದ ಪಾಲು ಇಳೀತೇತಿ. ಕಾಲೇಜಿನಾಗ ಇಂಥಾದ್ದು ನಮಗ ಕಲಿಸಿಲ್ಲ. ನನ್ನ ಮಾತು ಕೇಳಿದ್ರ ದಿನಾ ಒಂದೊಂದ ಬುಟ್ಟಿಗೆ ಕೆಲಸ ನಿಲ್ಲಿಸಿಬಿಡ್ರಿ.”

ನಾನು ತಲೆ ಆಡಿಸಿದೆ. ಓದಿದವರು ಹೇಳುತ್ತಿದ್ದಾರೆ, ನನಗೆ ತಿಳಿಯದ ಯಾವುದೋ ಲೆಕ್ಕ ಇರಬೇಕು ಅಂದುಕೊಂಡೆ. ಇಷ್ಟು ಲಾಭ ಇದ್ದವರಿಗೆ ಆ ಸರ್ಟಿಫಿಕೇಟು ಸಿಗುವುದಿಲ್ಲ, ಬದಲಿಗೆ ನೀವೇ ವರ್ಷದ ತೆರಿಗೆಯನ್ನು ಅಂದಾಜು ಮಾಡಿ ಮುಂಗಡವಾಗಿ ಕಂತಿನಲ್ಲಿ ಕಟ್ಟುತ್ತ ಹೋಗಬೇಕು ಎಂದರು. ಕಟ್ಟಬೇಕಾದ ಮೊತ್ತ ಓದಿದರು. ಅದು ನನ್ನ ಹಳೆಯ ಪಗಾರದ ಅರ್ಧ ವರ್ಷದ್ದಾಗುತ್ತಿತ್ತು. ನನ್ನ ಮುಖ ನೋಡಿ ಅವರಿಗೆ ಕನಿಕರ ಬಂದಿರಬೇಕು. “ಅರ್ಜಿ ಬರದು ಕೊಡ್ತೇನಿ. ಹಾವೇರಿಗೆ ಹೋಗಿ ಪುಸ್ತಕ ಸಮೇತ ಅಧಿಕಾರಿಗಳನ್ನ ಕಾಣ್ರಿ. ಅವರ ಏನರೆ ಕಡಿಮಿ ಮಾಡಿದ್ರ ಮಾಡ್ಯಾರು” ಅಂದರು.

ಅಲ್ಲಿಂದ ಹಾಸ್ಟೆಲಿಗೆ ನಡೆದುಹೋದೆ. ನಿಮ್ಮ ಅವ್ವ ಗೇಟಿನ ಹತ್ತಿರ ಬಂದಳು.

“ಏನಂದ್ರವ್ವಾ?”

“ಲಾಭ ಆಗೇತಂತ.”

“ಎಷ್ಟು?”

“ಐವತ್ನಾಲ್ಕು ಸಾವಿರ.”

“ಮತ್ತ ಅದು ಎಲ್ಲೈತಿ?”

“ಗೊತ್ತಿಲ್ಲ.”

ಅವಳು ನನ್ನ ಹಣೆ ಮುಟ್ಟಿ ನೋಡಿದಳು.

ಮನೆಗೆ ಬಂದು ನಾನು ಹುಡುಕಿದೆ. ನೀವು ನಗುತ್ತೀರಿ, ನಗಿರಿ. ಅಕ್ಕಿಯ ಡಬ್ಬಿ, ಟ್ರಂಕಿನ ತಳ, ನಿಮ್ಮ ಅಜ್ಜನ ಹಳೆಯ ಕೋಟಿನ ಕಿಸೆ. ದುಡ್ಡು ಸಿಗುತ್ತದೆ ಎಂದೇನಲ್ಲ. ಇಷ್ಟು ದೊಡ್ಡ ಮೊತ್ತ ನನ್ನ ಕೈ ಹಾಯ್ದು ಹೋಗಿದ್ದರೆ ಎಲ್ಲಾದರೂ ಒಂದು ಗುರುತು ಬಿಟ್ಟಿರಬೇಕಲ್ಲ ಎಂದು. ಕೋಟಿನಲ್ಲಿ ಒಂದು ಬಸ್ಸಿನ ಟಿಕೀಟು ಇತ್ತು.

ಮರುದಿನ ಚಪ್ಪರದಲ್ಲಿ ನಾನು ಒಂದು ತಪ್ಪು ಮಾಡಿದೆ. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಒಬ್ಬ ಹೆಣ್ಣುಮಗಳಿದ್ದಳು. ಎಲ್ಲರೂ ಅವಳನ್ನು ದೊಡ್ಡಾಕಿ ಎಂದೇ ಕರೆಯುತ್ತಿದ್ದರು. ಅವಳ ಬಾಯಿ ನಮ್ಮ ಮೆಣಸಿನಕಾಯಿಗಿಂತ ಖಾರ. ಅವಳನ್ನು ಬದಿಗೆ ಕರೆದು, “ನನ್ನ ಲಾಭ ಎಲ್ಲಿ ಹೊಂಟೇತಿ ನಿನಗೇನರ ಗೊತ್ತಾಗ್ತೇತೇನು?” ಎಂದು ಕೇಳಿ, ಸಲಹೆಗಾರರು ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ. ಮಧ್ಯಾಹ್ನದ ಬುತ್ತಿ ಬಿಚ್ಚುವುದರೊಳಗೆ ಅದು ಮೂವತ್ತೂ ಮಂದಿಗೆ ಗೊತ್ತಾಯಿತು. ಊಟವಾದ ಮೇಲೆ ಯಾರೂ ತೊಟ್ಟು ಮುಟ್ಟಲಿಲ್ಲ. ದೊಡ್ಡಾಕಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಮಣೆಯ ಮುಂದೆ ಬಂದು ಕುಳಿತಳು.

“ಅಕ್ಕಾರ, ನಾವು ಮೂವತ್ತು ಮಂದಿ ಸೀನಿ ಸೀನಿ ಸಾಯಾಕತ್ತೇವಿ. ನಿಮಗ ಅರ್ಧ ಲಕ್ಷ ಲಾಭ. ನಮಗ ಕಿಲೋಕ್ಕ ಹತ್ತು ಪೈಸಾ ಹೆಚ್ಚಿಗಿ ಮಾಡ್ರಿ.”

“ಎಲ್ಲಿಂದ ಕೊಡ್ಲಿ? ನನಗ ಬರೂದ ಹತ್ತು ಪೈಸಾ.”

“ಲಾಭದಾಗಿಂದ ಕೊಡ್ರಿ.”

“ಲಾಭ ನನ್ನ ಹಂತ್ಯಾಕ ಇಲ್ಲ.”

“ಮತ್ತ ಯಾರ ಹಂತ್ಯಾಕ ಐತಿ? ನಮ್ಮ ಹಂತ್ಯಾಕಂತೂ ಇಲ್ಲ. ಏ, ನಿಮ್ಮ ಹಂತ್ಯಾಕ ಐತೇನ?” ಎಂದು ಹಿಂದೆ ತಿರುಗಿ ಕೇಳಿದಳು. ಎಲ್ಲರೂ ಉಡಿ ಝಾಡಿಸಿ ತೋರಿಸಿದರು. ಮೆಣಸಿನಕಾಯಿಯ ಬೀಜ ಉದುರಿದವು.

ಆ ಮಧ್ಯಾಹ್ನ ಬುಟ್ಟಿಗಳು ಬರಲಿಲ್ಲ. ಸಾಹುಕಾರರು ಚಪ್ಪರಕ್ಕೆ ಬಂದು ನೋಡಿ, ನಿನ್ನ ಗುತ್ತಿಗೆ, ನೀನೇ ಬಗೆಹರಿಸು ಎಂಬ ಹಾಗೆ ಕೈ ಬೀಸಿ ಹೋದರು. ತಿಂಗಳ ಕೊನೆಗೆ ಇನ್ನು ಹದಿನೇಳು ದಿನ ಇತ್ತು. ಕೆಲಸ ನಿಂತರೆ ಬಿಲ್ಲಿಲ್ಲ, ಬಿಲ್ಲಿಲ್ಲದಿದ್ದರೆ ಹಾಸ್ಟೆಲಿಲ್ಲ. ನಾನು ನಾಳೆಯೇ ಹಾವೇರಿಗೆ ಹೋಗುತ್ತೇನೆ, ಅಧಿಕಾರಿಗಳನ್ನು ಕಂಡು ಬಂದ ಮೇಲೆ ಮಾತಾಡೋಣ ಅಂದೆ.

“ನಾನೂ ಬರ್ತೇನಿ,” ಅಂದಳು ದೊಡ್ಡಾಕಿ. “ಆ ಲಾಭ ಹೆಂಗೈತಿ ಕಣ್ಣಿಲೆ ನೋಡೂಣು.”

ಆಗಿನ್ನೂ ಹಾವೇರಿ ಜಿಲ್ಲೆ ಆಗಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಒಂದೇ ಮಾತನ್ನು ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದೆ: ಸಾಹೇಬರೇ, ನನ್ನ ಹತ್ತಿರ ಇಷ್ಟು ಹಣ ಇಲ್ಲ, ನನ್ನ ಮಗಳು ಕಲಿಯುತ್ತಿದ್ದಾಳೆ. ದೊಡ್ಡಾಕಿ ಸೇಂಗಾ ತಿನ್ನುತ್ತ, “ಏನ ಒಟಗುಟ್ಟಾಕತ್ತೀರಿ, ಜ್ವರ ಬಂದಾವೇನು?” ಎಂದು ಕೇಳಿದಳು.

ಅಧಿಕಾರಿಗಳು ಮೈಸೂರಿನ ಕಡೆಯವರು, ತಲೆ ನರೆತಿತ್ತು. ಅರ್ಜಿ ಓದಿದರು, ಪುಸ್ತಕ ತೆರೆದರು, ಸೀನಿದರು, ಕಿಟಕಿ ತೆಗೆಸಿದರು. ನಾನು ಕಲಿತುಹೋಗಿದ್ದ ಮಾತು ಬಾಯಿಗೆ ಬರಲಿಲ್ಲ.

“ಇಷ್ಟು ಲಾಭ ಇದೆಯೇನಮ್ಮ ನಿಮಗೆ?”

ದೊಡ್ಡಾಕಿ ಮುಂದೆ ಬಂದಳು. “ಐತಂತ್ರಿ. ನಮಗೂ ಆಕಿ ಹೇಳಿರಲಿಲ್ಲ.”

“ನೀವು ಯಾರು?”

“ನಾನು ಲಾಭ ಮಾಡಿಕೊಡಾಕಿ ರಿ.”

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಘಾಟಿನಿಂದ ಅವರಿಗೆ ಪುಟ ಓದುವುದೇ ಕಷ್ಟವಾಗಿತ್ತು. ಪುಸ್ತಕವನ್ನು ನನ್ನ ಕಡೆ ತಿರುಗಿಸಿ, “ಒಂದು ದಿನದ ಲೆಕ್ಕ ನೀವೇ ಓದಿಬಿಡಿ” ಅಂದರು.

ನಾನು ಓದಿದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಓದಿದೆ. ಆಗಲೂ ಕೇಳಿಸಲಿಲ್ಲ. ದೊಡ್ಡಾಕಿ ನನ್ನ ಬಾಯಿಗೆ ಕಿವಿ ಹಚ್ಚಿ, ನಾನು ಪಿಸುಗುಟ್ಟಿದ್ದನ್ನು ಕಣದಲ್ಲಿ ಕೂಗುವ ಹಾಗೆ ಕೂಗಿ ಹೇಳತೊಡಗಿದಳು.

“ಲಾಭಾ, ಆರು. ಎರಡೂ, ಆರು. ಮೂರೂ, ಐದೂವರಿ. ಮತ್ತೊಬ್ಬಾಕಿ. ಲಾಭಾ, ಆರು. ಎರಡೂ, ಆರು...”

ಪಕ್ಕದ ಕೋಣೆಯ ಗುಮಾಸ್ತರು ಬಾಗಿಲಿಗೆ ಬಂದು ನಿಂತರು. ಐದಾರು ಹೆಸರು ಮುಗಿದ ಮೇಲೆ ಅಧಿಕಾರಿಗಳು ಕೈ ಎತ್ತಿದರು.

“ಸ್ವಲ್ಪ ತಡೀರಿ. ಒಂದು ಎಲ್ಲಿ?”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ದೊಡ್ಡಾಕಿ ಕೆಳಗೆ ಬಗ್ಗಿ ಮೇಜಿನ ಅಡಿ ನೋಡಿದಳು. “ಏನ ಒಂದು ರಿ? ಏನರ ಬಿತ್ತೇನ್ರಿ?”

“ಬಿದ್ದಿದ್ದಲ್ಲಮ್ಮ. ಎರಡು ಓದಿದಿರಿ, ಮೂರು ಓದಿದಿರಿ. ಮೊದಲನೇ ಬುಟ್ಟಿ ಎಲ್ಲಿ ಹೋಯ್ತು?”

“ಓದಿದ್ನೆಲ್ರಿ, ಲಾಭ ಆರು,” ಅಂದಳು ದೊಡ್ಡಾಕಿ.

“ಲಾಭ ಇರಲಿ. ಒಂದು?”

“ಅದ ರಿ. ಲಾಭ.”

ಅವರು ನನ್ನನ್ನೇ ನೋಡಿದರು. ಆಗ ನನಗೆ ಹೊಳೆಯಿತು. ರಾಣೆಬೆನ್ನೂರಿನ ಮಾಳಿಗೆ, ಹೂಂ ರಿ ಹೂಂ ರಿ ಎಂದದ್ದು, ಐವತ್ನಾಲ್ಕು ಸಾವಿರ, ಕೋಟಿನ ಕಿಸೆ, ಎಲ್ಲ ಒಟ್ಟಿಗೇ ತಿಳಿಯಿತು. ಜೀವಮಾನದಲ್ಲಿ ಮೊದಲ ಸಲ ಒಬ್ಬ ದೊಡ್ಡ ಗಂಡಸಿನ ಎದುರು ನಾನಾಗಿ ಮಾತಾಡಿದೆ.

“ಸಾಹೇಬ್ರ, ನಮ್ಮ ಕಡೆ ರಾಶಿ ಎಣಿಸೂ ಮುಂದ ಒಂದು ಅನ್ನೂದಿಲ್ರಿ. ಒಂದಕ್ಕ ಲಾಭ ಅಂತೇವಿ. ಅದು ದುಡ್ಡಿನ ಲಾಭ ಅಲ್ರಿ. ಮೊದಲನೇ ಬುಟ್ಟಿ ರಿ.”

ಅವರು ಒಂದೊಂದೇ ಹಾಳೆ ತಿರುವಿ ನೋಡಿದರು. ಬಾಗಿಲಲ್ಲಿದ್ದ ಗುಮಾಸ್ತರೊಬ್ಬರು, “ಹೌದ್ರಿ ಸರ್, ನಮ್ಮನ್ಯಾಗೂ ಹಂಗ” ಅಂದರು. ಅಧಿಕಾರಿಗಳ ತುಟಿ ಬಿಗಿದಿತ್ತು, ನಗು ತಡೆಹಿಡಿದಿದ್ದರೋ ಸೀನು ತಡೆಹಿಡಿದಿದ್ದರೋ ತಿಳಿಯದು.

“ಹಾಗಾದರೆ ಈ ಲಾಭದಲ್ಲಿ ನಿಮಗೆ ಲಾಭ ಎಷ್ಟು?”

“ಲಾಭದಾಗ ಅರವತ್ತು ಪೈಸಾ ರಿ. ಎರಡರಾಗೂ ಅರವತ್ತು. ಮೂರರಾಗ ಐವತ್ತೈದು.”

ಅದನ್ನು ಬರೆದುಕೊಂಡು ಅವರೇ ಲೆಕ್ಕ ಹಾಕಿದರು. ದಿನಕ್ಕೆ ಐವತ್ತೆರಡೂವರೆ ರೂಪಾಯಿ, ಮುನ್ನೂರು ದಿನ ಕೆಲಸ ನಡೆದರೂ ವರ್ಷಕ್ಕೆ ಹದಿನಾರು ಸಾವಿರದೊಳಗೆ, ಅದರಲ್ಲಿ ಬುಟ್ಟಿಯ ಖರ್ಚೂ ಹುರಿಯ ಖರ್ಚೂ ಇನ್ನೂ ಕಳೆಯಬೇಕು. ಮಿತಿಯೊಳಗೇ ಇದೆ, ಸರ್ಟಿಫಿಕೇಟು ಕೊಡಬಹುದು ಅಂದರು. ಆದರೆ ಪುಸ್ತಕದಲ್ಲಿ ಲಾಭ ಎಂದು ಇಷ್ಟು ಕಡೆ ಬರೆದಿರುವುದರಿಂದ, ನನ್ನ ಕೈಬರಹದಲ್ಲಿ ಒಂದು ಹೇಳಿಕೆ ಬೇಕು. ಅವರು ಹೇಳಿದರು, ಬರೆದುಕೊಳ್ಳಿ: “ನನ್ನ ಪುಸ್ತಕದಲ್ಲಿ ಲಾಭ ಎಂದಿರುವುದು ಲಾಭವಲ್ಲ.”

ನಾನು ಪೆನ್ನು ಹಿಡಿದೆ. ದೊಡ್ಡಾಕಿ ನನ್ನ ಮುಂಗೈ ಹಿಡಿದಳು.

“ಬರೀಬ್ಯಾಡ್ರಿ ಅಕ್ಕಾರ. ಸುಗ್ಗಿ ಹೊತ್ತಿನಾಗ ಲಾಭ ಅಲ್ಲ ಅಂತ ಕೈಲೆ ಬರಿತಾರೇನು?”

ಖರೆ ಹೇಳುತ್ತೇನೆ, ನನಗೂ ಅಂಜಿಕೆ ಬಂತು. ನಮ್ಮ ಅಪ್ಪ ಕಣದಲ್ಲಿ ನಿಂತದ್ದು ಕಣ್ಣ ಮುಂದೆ ಬಂತು. ಬರೆಯದಿದ್ದರೆ ನಿಮ್ಮ ಅವ್ವ ಕೋಣೆ ಬಿಡುತ್ತಾಳೆ. ಪೆನ್ನು ಕಾಗದಕ್ಕೆ ಊರಿದೆ. ಶಾಯಿ ಒಂದು ಚುಕ್ಕಿಯಾಗಿ ಹರಡಿತು, ಅಕ್ಷರ ಮೂಡಲಿಲ್ಲ. ಅಧಿಕಾರಿಗಳು ಗಡಿಯಾರ ನೋಡಿದರು.

“ಏನಮ್ಮ ತೊಂದರೆ?”

ದೊಡ್ಡಾಕಿಯೇ ಹೇಳಿದಳು. “ಅಲ್ಲ ಅಂತ ಯಾಕ ಬರಸ್ತೀರಿ ಸಾಹೇಬ್ರ? ಇದ್ದಿದ್ದು ಬರಸ್ರಿ. ಒಂದಕ್ಕ ಲಾಭ ಅಂತಾರ ಅಂತ ಬರಸ್ರಿ. ಅದೂ ಅಷ್ಟ, ಇದೂ ಅಷ್ಟ, ಕೆಟ್ಟದ್ದು ಅಂದಂಗೂ ಆಗೂದಿಲ್ಲ.”

ಅವರು ಸ್ವಲ್ಪ ಯೋಚಿಸಿ, ಸರಿ ಅಂದರು. ನಾನು ಬರೆದೆ: ‘ನಮ್ಮಲ್ಲಿ ಎಣಿಸುವಾಗ ಒಂದಕ್ಕೆ ಲಾಭ ಎನ್ನುತ್ತಾರೆ. ಈ ಪುಸ್ತಕದಲ್ಲಿ ಎಲ್ಲೆಲ್ಲಿ ಲಾಭ ಎಂದಿದೆಯೋ ಅಲ್ಲೆಲ್ಲ ಒಂದು ಎಂದು ತಿಳಿಯುವುದು.’ ಕೆಳಗೆ ಸಹಿ. ಸಾಕ್ಷಿಯೆಂದು ದೊಡ್ಡಾಕಿ ಹೆಬ್ಬೆಟ್ಟು ಒತ್ತಿದಳು. ಶಾಯಿಯ ಬೆರಳನ್ನು ಸರಕಾರಿ ಗೋಡೆಗೆ ಒರೆಸುವಷ್ಟರಲ್ಲಿ ನಾನು ತಡೆದೆ.

ಬಸ್‌ ನಿಲ್ದಾಣದಲ್ಲಿ ಅವಳು ನನ್ನ ಕಡೆ ತಿರುಗಿ ನೋಡದೆ, “ಅಂದ್ರ ಲಾಭ ಇಲ್ಲ” ಅಂದಳು.

“ಇಲ್ಲ.”

“ಮೊದ್ಲ ಹೇಳಬೇಕಿಲ್ಲೇನ್ರಿ? ಒಂದೂವರಿ ದಿನದ ಕೂಲಿ ಹೋತು.”

ಚಪ್ಪರಕ್ಕೆ ಬಂದು ಅವಳೇ ಎಲ್ಲರಿಗೂ ಹೇಳಿದಳು, “ಆಕಿ ಹಂತ್ಯಾಕ ಏನೂ ಇಲ್ಲ, ನಮಗಿಂತ ಬಡವಿ ಅದಾಳ, ಸುಮ್ನ ಕುಂತು ಬಿಡಸ್ರಿ.” ನನಗೆ ಅವಮಾನವೂ ಆಯಿತು, ಸಮಾಧಾನವೂ ಆಯಿತು. ಮರುದಿನ ಸಂಜೆ ಮೂರನೆಯ ಬುಟ್ಟಿಗಳು ಎಂದಿಗಿಂತ ತುಸು ಹೆಚ್ಚೇ ತುಂಬಿ ಬಂದವು.

ಸರ್ಟಿಫಿಕೇಟು ಹನ್ನೊಂದು ದಿನಕ್ಕೆ ಟಪಾಲಿನಲ್ಲಿ ಬಂತು. ಸಾಹುಕಾರರು ಅದನ್ನು ಎರಡು ಸಲ ಓದಿ, ಬಿಲ್ಲಿನ ಫೈಲಿಗೆ ಹಚ್ಚಿದರು. ಮೊದಲು ಮುರಿದದ್ದು ಮುಂದಿನ ವರ್ಷವೇ ಬರಬೇಕು, ಅದು ಅವರ ಕೈಯಲ್ಲಿರಲಿಲ್ಲ. ಆದರೆ ಆ ತಿಂಗಳ ಬಿಲ್ಲನ್ನು ಮುರಿಯದೆ, ತಿಂಗಳು ಮುಗಿಯುವ ದಿನ ಬೆಳಿಗ್ಗೆಯೇ ಕೊಟ್ಟರು. ಬಾಕಿಯೂ ಆ ತಿಂಗಳದ್ದೂ ಸೇರಿ ಕಟ್ಟಬೇಕಾದದ್ದು ಬಹಳವಿತ್ತು. ಬುಟ್ಟಿಯವನಿಗೂ ಕಿರಾಣಿಯವನಿಗೂ ಮುಂದಿನ ತಿಂಗಳು ಕೊಡುತ್ತೇನೆಂದು ಹೇಳಿ, ಕೈಯಲ್ಲಿದ್ದದ್ದನ್ನೆಲ್ಲ ಕಟ್ಟಿಕೊಂಡು ರಾಣೆಬೆನ್ನೂರಿಗೆ ಹೋದೆ.

ಹಾಸ್ಟೆಲಿನ ಪಡಸಾಲೆಯಲ್ಲಿ ನಿಮ್ಮ ಅವ್ವ ತನ್ನ ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದಳು. ಪಕ್ಕದಲ್ಲಿ ಟ್ರಂಕು. ನನ್ನನ್ನು ನೋಡಿ, ಕರೆದುಕೊಂಡು ಹೋಗಲು ಬಂದೆ ಎಂದು ತಿಳಿದು, “ಟ್ರಂಕು ನಾ ಹಿಡೀತೇನಿ, ನೀ ಹಾಸಿಗಿ ತಗೋ” ಅಂದಳು. ನಾನು ನೆಟ್ಟಗೆ ಕಚೇರಿಗೆ ಹೋಗಿ ಹಣ ಕಟ್ಟಿ, ರಸೀದಿ ತಂದು ಅವಳ ಕೈಯಲ್ಲಿಟ್ಟೆ. ಅವಳು ಓದಿದಳು. ಆಮೇಲೆ ಹಗ್ಗದ ಗಂಟು ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಎಳೆದಳು. “ಇಷ್ಟು ಬಿಗೀ ಯಾಕ ಕಟ್ಟಿದ್ದಿ?” ಎಂದು ಕೇಳಿದೆ. “ಬಿಚ್ಚೂದು ಬರ್ತೇತಿ ಅಂತ ಗೊತ್ತಿರಲಿಲ್ಲ” ಅಂದಳು.

ಮರುವರ್ಷ ಅವಳು ಪಾಸಾದಳು, ಕೆಲಸ ಸಿಕ್ಕಿತು. ಆಮೇಲಿನದು ನಿಮಗೆ ಗೊತ್ತು.

ಚಿನ್ನವ್ವಾ, ಅಂದಾಜು ಬರೆದುಕೊಡುವಾಗ ನಿನ್ನ ಕೈ ಹಾಯ್ದು ಹೋಗುವುದು ಯಾವುದು, ನಿನಗೇ ಉಳಿಯುವುದು ಯಾವುದು, ಬೇರೆ ಬೇರೆ ಬರಿ. ಕೇಳಿದ್ದು ತಿಳಿಯದಿದ್ದರೆ ಹೂಂ ಅನ್ನಬೇಡ. ನನಗೆ ಗೊತ್ತಿರುವುದು ಇಷ್ಟೇ. ಹಾಸ್ಟೆಲು ಬಿಡುವ ಹಂತಕ್ಕೆ ಯಾಕೆ ಬಂದಿತ್ತು, ಹಾವೇರಿಯಲ್ಲಿ ಏನಾಯಿತು ಎಂದು ನಾನು ನಿಮ್ಮ ಅವ್ವನಿಗೆ ಇವತ್ತಿನವರೆಗೂ ಹೇಳಿಲ್ಲ. ಅವಳು ಕೇಳಲಿಲ್ಲ, ನನಗೆ ಬಾಯಿ ಬರಲಿಲ್ಲ. ಬರೆದದ್ದು ಇದೊಂದೇ ಪ್ರತಿ. ಪುಟ್ಯಾ, ನಿನ್ನ ಪುಸ್ತಕಗಳ ನಡುವೆ ತುರುಕಿ ಮರೆಯಬೇಡ. ಅಟ್ಟದ ಮೇಲೂ ಬೇಡ, ಇಲಿ ಇವೆ. ಮನೆಯ ಕಾಗದಪತ್ರ ಇಡುವ ತಗಡಿನ ಪೆಟ್ಟಿಗೆಯಲ್ಲಿ ಇಬ್ಬರೂ ಸೇರಿ ಇಡಿರಿ. ಅವಳು ನಿವೃತ್ತಿಯಾಗಿ ಮನೆಯಲ್ಲಿ ಕುಳಿತ ಮೇಲೆ, ಒಂದು ದಿನ ಅವಳಿಗೆ ಕೊಡಿರಿ.